ಹರಿದ ರೆಕ್ಸಿನ್ ಸೀಟಿಗೆ ಮನೆಯಲ್ಲೇ ತೇಪೆ ಹಾಕಬಹುದೇ?

ಪ್ರಶ್ನೆ: ನನ್ನ ಬಳಿ 2008ರ ಓಮ್ನಿ ಇದೆ. ಡ್ರೈವರ್ ಸೀಟಿನ ಬಲ ಅಂಚಿನಲ್ಲಿ ರೆಕ್ಸಿನ್ ಸೀಳಿ ಒಳಗಿನ ಸ್ಪಂಜು ಕಾಣುತ್ತಿದೆ. ಸೀಳು ನಾಲ್ಕು ಬೆರಳಿನಷ್ಟು ಉದ್ದ. ಪಕ್ಕದಲ್ಲಿ ಹೊಲಿಗೆಯೂ ಸ್ವಲ್ಪ ಬಿಟ್ಟಿದೆ. ಕುಷನ್ ಅಂಗಡಿಯವರು ಪೂರ್ತಿ ಸೀಟನ್ನೇ ಹೊಸದಾಗಿ ಹೊಲಿಸಿ ಎನ್ನುತ್ತಾರೆ. ಈ ರೆಕ್ಸಿನ್ ಎಂದರೆ ಪಿವಿಸಿ ಎಂದು ಮಗಳು ಹೇಳಿದಳು. ಹಾಗಿದ್ದರೆ ನಲ್ಲಿ ಕೆಲಸದಲ್ಲಿ ಉಳಿದ ಪಿವಿಸಿ ಪೈಪಿನ ಗಮ್ಮನ್ನೇ ಹಾಕಿ ಅಂಟಿಸಬಹುದೇ?
— ಓದುಗರೊಬ್ಬರು, ಉಲ್ಲಾಳ, ಬೆಂಗಳೂರು

ಉತ್ತರ: ಪತ್ರದ ಕೊನೆಯಲ್ಲಿ ‘ಉಲ್ಲಾಳ’ ಎಂದು ಓದಿದಾಗ ಮೊದಲು ನೆನಪಾದದ್ದು ರಾಣಿ ಅಬ್ಬಕ್ಕನ ಉಲ್ಲಾಳ. ಪಕ್ಕದಲ್ಲಿ ಬೆಂಗಳೂರು ಎಂದು ಕಂಡ ಮೇಲೆ ಇದು ಕೆಂಗೇರಿ ಕಡೆಯ, ಜ್ಞಾನಭಾರತಿಗೆ ಹತ್ತಿರದ ಉಲ್ಲಾಳ ಎಂದು ಗೊತ್ತಾಯಿತು. ಕಡಲ ದಂಡೆಯ ಉಲ್ಲಾಳವೋ ಬಯಲುಸೀಮೆಯದೋ ಎನ್ನುವುದು ಸೀಟಿನ ವಿಷಯದಲ್ಲೂ ಲೆಕ್ಕಕ್ಕೆ ಬರುತ್ತದೆ, ಅದನ್ನು ಮುಂದೆ ಹೇಳುತ್ತೇನೆ. ಮೊದಲು ನಿಮ್ಮ ಸಂಶಯಕ್ಕೆ ನೇರ ಉತ್ತರ: ನಾಲ್ಕು ಬೆರಳಿನ ಸೀಳನ್ನು ಮನೆಯಲ್ಲೇ ಸರಿಮಾಡಬಹುದು. ಆದರೆ ಪೈಪಿನ ಗಮ್ ಹಾಕಬೇಡಿ. ನಿಮ್ಮ ಮಗಳು ಹೇಳಿದ್ದು ಸರಿ, ನೀವು ಅದರಿಂದ ಮಾಡಿದ ಊಹೆಯೂ ತರ್ಕಬದ್ಧವೇ. ಆದರೂ ಅದು ಕೆಲಸಕ್ಕೆ ಬರುವುದಿಲ್ಲ. ಏಕೆಂದು ತಿಳಿದುಕೊಂಡರೆ ಸೀಟು ಹರಿದದ್ದು ಏಕೆ ಎಂಬುದೂ ತಿಳಿಯುತ್ತದೆ.

ಪಿವಿಸಿ ತನ್ನಷ್ಟಕ್ಕೆ ಗಟ್ಟಿಯಾದ, ಬಾಗಿಸಿದರೆ ಮುರಿಯುವ ಪ್ಲಾಸ್ಟಿಕ್. ಅದೇ ನಿಮ್ಮ ನೀರಿನ ಪೈಪು. ಇದನ್ನು ಬಟ್ಟೆಯ ಹಾಗೆ ಮೆತ್ತಗಾಗಿಸುವ ಉಪಾಯ ಸಿಕ್ಕಿದ್ದು 1926ರಲ್ಲಿ, ಅಮೆರಿಕದ ಗುಡ್‌ರಿಚ್ ಟೈರ್ ಕಂಪನಿಯಲ್ಲಿದ್ದ ವಾಲ್ಡೋ ಸೆಮನ್ ಎಂಬ ರಸಾಯನ ವಿಜ್ಞಾನಿಗೆ. ಅವರು ಹುಡುಕುತ್ತಿದ್ದದ್ದು ರಬ್ಬರನ್ನು ಲೋಹಕ್ಕೆ ಅಂಟಿಸುವ ಗೋಂದು. ಯಾರಿಗೂ ಬೇಡವಾಗಿದ್ದ ಪಿವಿಸಿಯನ್ನು ನಿಧಾನವಾಗಿ ಆವಿಯಾಗುವ ದ್ರವದಲ್ಲಿ ಹಾಕಿ ಬಿಸಿ ಮಾಡಿದರು. ಗೋಂದು ಸಿಗಲಿಲ್ಲ, ಒತ್ತಿದರೆ ಬಗ್ಗುವ, ಬಿಟ್ಟರೆ ಮೊದಲಿನಂತಾಗುವ ಮೃದುವಾದ ಪದಾರ್ಥ ಸಿಕ್ಕಿತು. ಹೀಗೆ ಮೆತ್ತಗಾಗಿಸಲು ಬೆರೆಸುವ ಎಣ್ಣೆಯಂಥ ದ್ರವಕ್ಕೆ ಪ್ಲಾಸ್ಟಿಸೈಸರ್ ಎನ್ನುತ್ತಾರೆ. ಸೀಟಿನ ರೆಕ್ಸಿನ್ನಿನ ಮೇಲ್ಪದರದ ತೂಕದಲ್ಲಿ ಸುಮಾರು ಮೂರನೇ ಒಂದು ಭಾಗ ಈ ಎಣ್ಣೆಯೇ ಇರುತ್ತದೆ.

ಪೈಪಿನ ಗಮ್ ಮಾಡುವ ಕೆಲಸ ಬೇರೆ. ಅದರಲ್ಲಿರುವ ದ್ರಾವಕ ಪೈಪಿನ ಮೇಲ್ಮೈಯನ್ನು ಕರಗಿಸುತ್ತದೆ, ಜೊತೆಗೆ ಕರಗಿಸಿಟ್ಟ ಗಟ್ಟಿ ಪಿವಿಸಿಯೂ ಅದರಲ್ಲಿ ಇರುತ್ತದೆ. ದ್ರಾವಕ ಆರಿದ ಮೇಲೆ ಉಳಿಯುವುದು ಪೈಪಿನಷ್ಟೇ ಗಟ್ಟಿಯಾದ ಜೋಡಣೆ. ಅಲುಗಾಡದ ಪೈಪಿಗೆ ಇದು ಸರಿ. ನೀವು ದಿನಕ್ಕೆ ಹತ್ತು ಸಲ ಹತ್ತಿ ಇಳಿಯುವ ಸೀಟಿನಲ್ಲಿ ಅಂಟು ಹಾಕಿದ ಗೆರೆ ಮಾತ್ರ ಕಡ್ಡಿಯಂತೆ ಗಟ್ಟಿಯಾಗಿ, ಅದರ ಎರಡೂ ಬದಿಯ ಮೆತ್ತನೆ ರೆಕ್ಸಿನ್ ಮಡಿಚಿಕೊಳ್ಳುತ್ತದೆ. ಒಂದು ಸೀಳು ಮುಚ್ಚಿ ಎರಡು ಸೀಳು ಬಾಯಿಬಿಡುತ್ತವೆ. ತಕ್ಷಣ ಅಂಟುವ ಗೋಂದಿನ ಕಥೆಯೂ ಇದೇ. ನಾನೇ ಒಮ್ಮೆ ಸ್ಕೂಟರ್ ಸೀಟಿಗೆ ಅಂಥ ಗೋಂದು ಹಾಕಿ ಜಾಣತನ ಮೆರೆದಿದ್ದೆ. ಸೀಳಿನ ಸುತ್ತ ಬೂದಿ ಎರಚಿದಂತೆ ಬಿಳಿ ಮಚ್ಚೆ ಎದ್ದಿತು. ವಾರದೊಳಗೆ ಅಂಟಿದ ಅಂಚು ಹಪ್ಪಳದಂತೆ ಚಟ್ಟೆಂದು ಮುರಿದು ಪ್ಯಾಂಟನ್ನು ಗೀರಿತು.

ಈಗ ಹರಿದದ್ದು ಏಕೆ ಎಂಬ ಮಾತು. ಆ ಎಣ್ಣೆ ಪಿವಿಸಿಗೆ ರಾಸಾಯನಿಕವಾಗಿ ಕಟ್ಟುಬಿದ್ದಿರುವುದಿಲ್ಲ, ಒಳಗೆ ಬೆರೆತು ಕುಳಿತಿರುತ್ತದೆ ಅಷ್ಟೆ. ಅವಕಾಶ ಸಿಕ್ಕಾಗಲೆಲ್ಲ ಹೊರಗೆ ಹೊರಡುತ್ತದೆ. ಹಳೆಯ ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಇಟ್ಟ ಜೆರಾಕ್ಸ್ ಪ್ರತಿ ಅಂಟಿಕೊಂಡು, ಎಳೆದರೆ ಅಕ್ಷರಗಳು ಕಾಗದ ಬಿಟ್ಟು ಫೋಲ್ಡರಿಗೆ ಹತ್ತುವುದನ್ನು ನೀವು ನೋಡಿರಬಹುದು. ಫೋಲ್ಡರಿನಿಂದ ಹೊರಟ ಎಣ್ಣೆ ಜೆರಾಕ್ಸ್ ಶಾಯಿಯನ್ನು ಕರಗಿಸಿದ್ದರ ಫಲ ಅದು. ಬಿಸಿಲಿಗೆ ನಿಂತ ಕಾರಿನಲ್ಲಿ ಮುಂದಿನ ಗಾಜಿನ ಒಳಬದಿಗೆ ಬೆರಳಾಡಿಸಿದರೆ ಮಸುಕಾದ ಜಿಡ್ಡು ಬರುತ್ತದಲ್ಲ, ಅದರಲ್ಲೂ ಡ್ಯಾಶ್‌ಬೋರ್ಡಿನಿಂದ, ಸೀಟಿನಿಂದ ಆವಿಯಾಗಿ ಹೋದ ಈ ಎಣ್ಣೆ ಇರುತ್ತದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ತಾಪ 39.2 ಡಿಗ್ರಿ ಮುಟ್ಟಿತ್ತು. ಅಂಥ ದಿನ ಗಾಜು ಏರಿಸಿ ರಸ್ತೆ ಬದಿ ನಿಲ್ಲಿಸಿದ ಗಾಡಿಯ ಒಳಗೆ ಇನ್ನೂ ಇಪ್ಪತ್ತು ಡಿಗ್ರಿ ಸೇರಿಸಿಕೊಳ್ಳಿ. ನಿಮ್ಮ ಓಮ್ನಿಗಂತೂ ಎಂಜಿನ್ ಇರುವುದೇ ಮುಂದಿನ ಸೀಟುಗಳ ಕೆಳಗೆ. ಮೇಲಿನಿಂದ ಸೂರ್ಯ, ಕೆಳಗಿನಿಂದ ಎಂಜಿನ್, ನಡುವೆ ರೆಕ್ಸಿನ್.

ಬಲ ಅಂಚೇ ಏಕೆ ಮೊದಲು ಹೋಗುತ್ತದೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮ ಗಾಡಿಗಳಲ್ಲಿ ಡ್ರೈವರ್ ಬಾಗಿಲು ಬಲಕ್ಕೆ. ಓಮ್ನಿಗೆ ಹತ್ತಿ ಕೂರಬೇಕು. ಹತ್ತುವಾಗ ಮೈಭಾರವೆಲ್ಲ ಒಂದು ಕ್ಷಣ ಆ ಅಂಚಿನ ಮೇಲೆ ಬಿದ್ದು, ಪ್ಯಾಂಟಿನ ಜೇಬಿನ ಗುಂಡಿ ಅದನ್ನು ಉಜ್ಜಿಕೊಂಡು ಜಾರುತ್ತದೆ. ಎಣ್ಣೆ ಇದ್ದಷ್ಟು ದಿನ ರೆಕ್ಸಿನ್ ಬಗ್ಗಿತು, ಎಣ್ಣೆ ಹೋದ ಮೇಲೆ ಬಿರಿಯಿತು. ತಲೆ ಒರಗುವ ಜಾಗವೂ ಬೇಗ ಗಡುಸಾಗುತ್ತದೆ. ತಲೆಗೆ ಹಚ್ಚಿದ ಎಣ್ಣೆ ಮತ್ತು ಬೆವರಿನ ಜಿಡ್ಡು ರೆಕ್ಸಿನ್ನಿನ ಎಣ್ಣೆಯನ್ನು ಹೊರಗೆಳೆಯುತ್ತವೆ. ಎಣ್ಣೆ ಹೋಗಿ ಒಣಗಿದೆ ಎಂದು ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ಅದು ಒಳಗೆ ಇಳಿದು ನಿಲ್ಲುವುದಿಲ್ಲ, ಮೇಲೆ ನಿಂತು ಧೂಳು ಹಿಡಿಯುತ್ತದೆ ಅಷ್ಟೆ. ಹೊಳಪಿಗೆ ಸಿಂಪಡಿಸುವ ಪಾಲಿಶ್‌ಗಳಿಂದಲೂ ಹೋದ ಮೆತುತನ ಮರಳುವುದಿಲ್ಲ.

ಕೆಲಸಕ್ಕೆ ಕೈಹಾಕುವ ಮೊದಲು ಇದು ನಿಜಕ್ಕೂ ಪಿವಿಸಿಯೇ ಎಂದು ನೋಡಿಕೊಳ್ಳಿ. ಇಲ್ಲಿ ಅನೇಕರಿಗೆ ಗೊಂದಲವಾಗುತ್ತದೆ, ಆಗುವುದು ಸಹಜವೂ ಹೌದು. ಏಕೆಂದರೆ ‘ರೆಕ್ಸಿನ್’ ಎನ್ನುವುದು ಒಂದು ಪದಾರ್ಥದ ಹೆಸರೇ ಅಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಹೈಡ್ ಎಂಬ ಊರಿನ ಕಂಪನಿಯ ಸರಕಿನ ಹೆಸರು ಅದು. ಅದರಲ್ಲಿ ಪಿವಿಸಿ ಇರಲೂ ಇಲ್ಲ. ಬಟ್ಟೆಯ ಮೇಲೆ ಸೆಲ್ಯುಲೋಸ್ ನೈಟ್ರೇಟ್ ಲೇಪಿಸಿ ಚರ್ಮದಂತೆ ಕಾಣುವ ಗೆರೆ ಒತ್ತುತ್ತಿದ್ದರು. ರೈಲು ಡಬ್ಬಿಗಳಿಗೂ ಕಾರುಗಳಿಗೂ ಅದನ್ನು ಹೊದಿಸುತ್ತಿದ್ದರು. ಆ ಸರಕು ಹೋಯಿತು, ಹೆಸರು ಮಾತ್ರ ನಮ್ಮಲ್ಲಿ ನಿಂತಿತು. ಆಟೋ ಸೀಟು, ಹಳೆಯ ಸ್ಕೂಲ್ ಬ್ಯಾಗು, ಸೋಫಾ, ಎಲ್ಲಕ್ಕೂ ಈಗ ರೆಕ್ಸಿನ್ ಎಂದೇ ಹೇಳುತ್ತೇವೆ. ಈ ಒಂದು ಹೆಸರಿನ ಕೆಳಗೆ ಈಗ ಎರಡು ಬೇರೆ ಬೇರೆ ಪದಾರ್ಥಗಳಿವೆ: ಪಿವಿಸಿ ಮತ್ತು ಪಿಯು, ಅಂದರೆ ಪಾಲಿಯುರಿಥೇನ್. ‘ಲೆದರ್ ಸೀಟ್ ಕವರ್’ ಎಂದು ಮಾರುವುದೂ ಬಹಳ ಸಲ ಇವೆರಡರಲ್ಲಿ ಒಂದಾಗಿರುತ್ತದೆ.

ಎರಡೂ ಹಾಳಾಗುವ ರೀತಿ ಬೇರೆ. ಪಿವಿಸಿ ಗಡುಸಾಗಿ ಗೆರೆಗೆರೆಯಾಗಿ ಬಿರಿಯುತ್ತದೆ. ಪಿಯು ಗಾಳಿಯ ತೇವಕ್ಕೆ ಸಡಿಲಗೊಂಡು ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಏಳುತ್ತದೆ. ಕೆಳಗಿನ ಬಟ್ಟೆ ಮಾತ್ರ ಗಟ್ಟಿಯಾಗಿಯೇ ಇರುತ್ತದೆ. ಎರಡು ಉಲ್ಲಾಳಗಳ ಮಾತು ಬಂದದ್ದು ಇದಕ್ಕೇ. ಸಮುದ್ರದ ತೇವ ಸದಾ ಇರುವ ಆ ಉಲ್ಲಾಳದಲ್ಲಿ ಪಿಯು ಕವರುಗಳಿಗೆ ಆಯುಸ್ಸು ಕಡಿಮೆ. ನಿಮ್ಮ ಉಲ್ಲಾಳದಲ್ಲಿ ತೇವಕ್ಕಿಂತ ಬಿಸಿಲೇ ಶತ್ರು. ಸಿಪ್ಪೆ ಏಳುತ್ತಿರುವ ಪಿಯು ಆದರೆ ರಿಪೇರಿಯ ಆಸೆ ಬಿಡಿ. ಇಂದು ಒಂದು ಕಡೆ ಬಣ್ಣ ಹಚ್ಚಿದರೆ ನಾಳೆ ಪಕ್ಕದಲ್ಲಿ ಏಳುತ್ತದೆ.

ಗುರುತಿಸಲು ಅಡುಗೆಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಸೀಟಿನ ಕೆಳಗೆ ಮಡಿಚಿ ಸಿಕ್ಕಿಸಿದ ಅಂಚಿನಿಂದ ಸಾಸಿವೆ ಕಾಳಿನಷ್ಟು ರೆಕ್ಸಿನ್ ಕತ್ತರಿಸಿಕೊಳ್ಳಿ. ಹಳೆಯ ವಿದ್ಯುತ್ ವೈರಿನ ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ. ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಮೊದಲೇ ಪೂರ್ತಿ ಸುಲಿದಿರಬೇಕು, ಅದೂ ಪಿವಿಸಿಯೇ ಆದ್ದರಿಂದ ಪರೀಕ್ಷೆ ಕೆಡುತ್ತದೆ. ಉರಿಯಲ್ಲಿ ಹಸಿರು ಬಣ್ಣ ಕಾಣದಂತಾಗುವವರೆಗೆ ಕಾಯಿಸಿ, ಬಿಸಿ ತುದಿಯನ್ನು ಆ ಚೂರಿಗೆ ತಾಗಿಸಿ, ಮತ್ತೆ ಉರಿಗೆ ಹಿಡಿಯಿರಿ. ಉರಿ ಗಿಣಿಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ, ಅಂದರೆ ಪಿವಿಸಿ. ಹಸಿರು ಬರದಿದ್ದರೆ ಪಿಯು ಇರಬಹುದು. ಸುಟ್ಟ ಕೂದಲಿನ ವಾಸನೆ ಬಂದರೆ ನಿಜವಾದ ಚರ್ಮ. ಕಿಟಕಿ ತೆರೆದಿಟ್ಟು ಒಂದೇ ಸಲ ಮಾಡಿ, ಆ ಹೊಗೆ ಮೂಗಿಗೆ ಒಳ್ಳೆಯದಲ್ಲ. ಮಗಳನ್ನೂ ಕರೆಯಿರಿ, ಆಕೆಗೆ ಇಷ್ಟವಾದೀತು.

ಇನ್ನು ಕೆಲಸ. ಒಂದು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ: ರೆಕ್ಸಿನ್ನಿನಲ್ಲಿ ನಿಮ್ಮ ಭಾರ ಹೊರುವುದು ಮೇಲೆ ಕಾಣುವ ಪ್ಲಾಸ್ಟಿಕ್ ಅಲ್ಲ, ಅದರ ಬೆನ್ನಿಗಿರುವ ಬಟ್ಟೆ. ಮೇಲ್ಪದರ ಮಾತ್ರ ಬಿರಿದು ಬಟ್ಟೆ ಉಳಿದಿದ್ದರೆ ಬಿರುಕು ತುಂಬಿ ಬಣ್ಣ ಹಚ್ಚಿದರೆ ಸಾಕಿತ್ತು. ನಿಮಗೆ ಸ್ಪಂಜು ಕಾಣುತ್ತಿದೆ, ಅಂದರೆ ಬಟ್ಟೆಯೂ ಹರಿದಿದೆ. ಮೊದಲು ಒಳಗಿನಿಂದ ಹೊಸ ಬಟ್ಟೆ ಕೊಡಬೇಕು. ಅದನ್ನು ಬಿಟ್ಟು ಮೇಲಿನಿಂದ ಏನು ಮೆತ್ತಿದರೂ ಗೋಡೆ ಕುಸಿದ ಮೇಲೆ ಸುಣ್ಣ ಬಳಿದ ಹಾಗೆ.

ಅದಕ್ಕೂ ಮೊದಲು ತೊಳೆಯಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಪಾತ್ರೆ ತೊಳೆಯುವ ದ್ರವವನ್ನು ಉಗುರು ಬೆಚ್ಚಗಿನ ನೀರಿಗೆ ನಾಲ್ಕು ಹನಿ ಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಗೆರೆಗಳ ಒಳಗೆಲ್ಲ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಸ್ಪಂಜಿಗೆ ನೀರು ಇಳಿಯದಂತೆ ನೋಡಿಕೊಳ್ಳಿ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಎರಡು ಸಲ ಒರೆಸಿ. ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ‘ಐಪಿಎ’ ಎಂದು ಕೇಳಿದರೆ ಕೊಡುತ್ತಾರೆ. ಥಿನ್ನರ್, ಪೆಟ್ರೋಲ್ ಬೇಡವೇ ಬೇಡ, ಇದ್ದಬದ್ದ ಮೆತುತನವನ್ನೂ ಅವು ಎಳೆದುಕೊಂಡು ಹೋಗುತ್ತವೆ. ಹಿಂದೆ ಯಾವಾಗಲಾದರೂ ಸರ್ವಿಸ್‌ಗೆ ಕೊಟ್ಟಾಗ ಸೀಟಿಗೆ ಪಾಲಿಶ್ ಹೊಡೆದಿದ್ದರೆ ಅದರ ಸಿಲಿಕೋನ್ ಜಿಡ್ಡು ಇರುತ್ತದೆ, ಅದರ ಮೇಲೆ ಯಾವ ಅಂಟೂ ಯಾವ ಬಣ್ಣವೂ ನಿಲ್ಲದು. ಒಂದು ಹನಿ ನೀರು ಬಿಟ್ಟು ನೋಡಿ. ಕೆಸುವಿನ ಎಲೆಯ ಮೇಲಿನಂತೆ ಮಣಿಯಾಗಿ ನಿಂತರೆ ಇನ್ನೊಮ್ಮೆ ಒರೆಸಿ, ಹರಡಿಕೊಂಡರೆ ಸಾಕು.

ತೇಪೆಗೆ ಹಳೆಯ ಜೀನ್ಸ್ ಪ್ಯಾಂಟಿನ ತುಂಡು ಒಳ್ಳೆಯದು. ಸೀಳಿಗಿಂತ ಎಲ್ಲ ಬದಿಗೂ ಒಂದು ಅಂಗುಲ ಹೆಚ್ಚಿರಲಿ, ಮೂಲೆಗಳನ್ನು ದುಂಡಗೆ ಕತ್ತರಿಸಿ. ಚೂಪು ಮೂಲೆ ಒಳಗೆ ಹೋಗುವಾಗ ಮಡಿಚಿಕೊಳ್ಳುತ್ತದೆ, ಆಮೇಲೆ ಕೂತಾಗಲೆಲ್ಲ ಒತ್ತುತ್ತದೆ. ಸೀಳಿನಿಂದ ಹೊರಬಂದ ನೂಲುಗಳನ್ನಷ್ಟೇ ಕತ್ತರಿಸಿ, ರೆಕ್ಸಿನ್ನಿನ ಅಂಚನ್ನು ‘ನೀಟಾಗಿ’ ಮಾಡುತ್ತೇನೆಂದು ಕತ್ತರಿಸಬೇಡಿ. ಕತ್ತರಿಸಿದಷ್ಟೂ ಬಾಯಿ ಅಗಲವಾಗುತ್ತದೆ. ಸ್ಪಂಜು ಗುಳಿಬಿದ್ದಿದ್ದರೆ ಅದೇ ಗಟ್ಟಿತನದ ಇನ್ನೊಂದು ತುಂಡು ಸ್ಪಂಜು ಕತ್ತರಿಸಿ ತುಂಬಿ. ಇಲ್ಲದಿದ್ದರೆ ತೇಪೆ ಗಾಳಿಯಲ್ಲಿ ನೇತಾಡುತ್ತದೆ. ಕೆಲಸಕ್ಕೆ ಹನ್ನೊಂದು ಗಂಟೆಯ ಹೊತ್ತು ಸರಿ. ರೆಕ್ಸಿನ್ ಬಿಸಿಲಿಗೆ ಸ್ವಲ್ಪ ಬೆಚ್ಚಗಾಗಿ ಬಗ್ಗುತ್ತದೆ. ಚಳಿಗಾಲದ ಬೆಳಗ್ಗೆ ಎಳೆದರೆ ಇನ್ನಷ್ಟು ಬಿರಿಯುತ್ತದೆ.

ಬಟ್ಟೆಯನ್ನು ಮೊಂಡ ಚಾಕುವಿನಿಂದ ಸೀಳಿನೊಳಗೆ ತೂರಿಸಿ, ರೆಕ್ಸಿನ್ನಿಗೂ ಸ್ಪಂಜಿಗೂ ನಡುವೆ ಸುಕ್ಕಿಲ್ಲದಂತೆ ಹರಡಿ. ಆಮೇಲೆ ಅಂಟು. ಚಪ್ಪಲಿ, ರೆಕ್ಸಿನ್ ಕೆಲಸಕ್ಕೆ ಬಳಸುವ ಹಳದಿ ರಬ್ಬರ್ ಅಂಟು ಎಲ್ಲ ಹಾರ್ಡ್‌ವೇರ್ ಅಂಗಡಿಗಳಲ್ಲೂ ಸಿಗುತ್ತದೆ. ಆದರೆ ರೆಕ್ಸಿನ್ನಿನಲ್ಲಿ ಉಳಿದಿರುವ ಎಣ್ಣೆ ಈ ಅಂಟಿಗೂ ಇಳಿದು ವರ್ಷಗಳ ಮೇಲೆ ಅದನ್ನು ಮೆತ್ತಗಾಗಿಸಬಹುದು. ಚಪ್ಪಲಿ ಸಾಮಾನು ಮಾರುವ ಅಂಗಡಿಯಲ್ಲಿ ‘ಪಿಯು ಸೊಲ್ಯೂಷನ್’ ಸಿಕ್ಕರೆ ಅದು ಹೆಚ್ಚು ದಿನ ನಿಲ್ಲುತ್ತದೆ. ಪಿಯು ಹೊದಿಕೆಯನ್ನು ಬೈದು ಪಿಯು ಅಂಟನ್ನು ಹೊಗಳುತ್ತಾನಲ್ಲ ಎನ್ನಬೇಡಿ, ಹೆಸರು ಒಂದಾದರೂ ತಯಾರಿಕೆ ಬೇರೆ. ಮರಕ್ಕೆ ಹಾಕುವ ಬಿಳಿ ಗೋಂದು ಮಾತ್ರ ಇಲ್ಲಿ ಕೆಲಸ ಮಾಡದು.

ಈ ಅಂಟುಗಳನ್ನು ಎರಡೂ ಮೈಗೆ, ಅಂದರೆ ತೇಪೆಯ ಮೇಲ್ಮೈಗೂ ರೆಕ್ಸಿನ್ನಿನ ಒಳಬದಿಯ ಬಟ್ಟೆಗೂ, ತೆಳ್ಳಗೆ ಹಚ್ಚಬೇಕು. ಬೆರಳಿಗೆ ಅಂಟದಷ್ಟು ಆರುವವರೆಗೆ ಹತ್ತು ಹದಿನೈದು ನಿಮಿಷ ಬಿಟ್ಟು ಒತ್ತಬೇಕು. ಒಮ್ಮೆ ತಾಗಿದರೆ ಸರಿಸಲಾಗದು, ಅಷ್ಟು ಗಟ್ಟಿಯಾಗಿ ಹಿಡಿಯುತ್ತದೆ. ಅದಕ್ಕೆ ಕುಷನ್ ಕೆಲಸದವರಿಗೆ ಒಂದು ಉಪಾಯ ಗೊತ್ತು. ಎರಡು ಮೈಗಳ ನಡುವೆ ಬೆಣ್ಣೆ ಕಾಗದದ ಚೂರು ಇಟ್ಟು, ಸೀಳಿನ ಒಂದು ಬದಿಯನ್ನು ಮೊದಲು ಕೂರಿಸಿ ಒತ್ತಿ, ಆಮೇಲೆ ಇನ್ನೊಂದು ಬದಿಯನ್ನು ಅಂಚಿಗೆ ಅಂಚು ಸೇರಿಸುತ್ತಾ, ಕಾಗದವನ್ನು ನಿಧಾನವಾಗಿ ಎಳೆದುಕೊಳ್ಳುವುದು. ಅಂಚುಗಳು ಸೇರದೆ ಅಕ್ಕಿಕಾಳಿನಷ್ಟು ಸಂದು ಉಳಿದರೆ ಚಿಂತಿಸಬೇಡಿ, ಅದನ್ನು ತುಂಬಬಹುದು. ಬಲವಂತವಾಗಿ ಎಳೆದು ಸೇರಿಸಿದರೆ ಮಾತ್ರ ಮತ್ತೆ ಬಿಟ್ಟುಕೊಳ್ಳುತ್ತದೆ. ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಐದು ಕೆಜಿ ಅಕ್ಕಿಯ ಚೀಲ, ಒಂದು ಇಡೀ ದಿನ. ಬಾಗಿಲುಗಳನ್ನು ತೆರೆದಿಟ್ಟುಕೊಂಡೇ ಈ ಕೆಲಸ ಮಾಡಿ. ಆವಿ ತಲೆ ಸುತ್ತಿಸುತ್ತದೆ, ಬೆಂಕಿಯನ್ನೂ ಹಿಡಿಯುತ್ತದೆ.

ದಾರದಲ್ಲೇ ಸೀಳನ್ನು ಹೊಲಿದುಬಿಟ್ಟರೆ ಆಗದೇ ಎಂದು ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಅಂಚೆ ಚೀಟಿಯ ಹಾಳೆಯಲ್ಲಿ ಸಾಲಾಗಿ ತೂತು ಮಾಡಿರುವುದು ಸುಲಭವಾಗಿ ಹರಿಯಲಿ ಎಂದು. ಗಡುಸಾದ ರೆಕ್ಸಿನ್ನಿಗೆ ಸೂಜಿ ಚುಚ್ಚಿದರೆ ನಾವು ಮಾಡುವುದೂ ಅದನ್ನೇ. ಆದರೆ ನಿಮ್ಮ ಸೀಟಿನಲ್ಲಿ ಹೊಲಿಗೆ ಬಿಟ್ಟ ಜಾಗದ ಮಾತು ಬೇರೆ. ಅಲ್ಲಿ ರೆಕ್ಸಿನ್ ಹರಿದಿಲ್ಲ, ದಾರ ಸವೆದಿದೆ. ಬಾಗಿದ ಸೂಜಿಗೆ ದಪ್ಪ ನೈಲಾನ್ ದಾರ ಪೋಣಿಸಿ, ಹಳೆಯ ತೂತುಗಳಲ್ಲೇ ಹಾಯಿಸಿ ಹೊಲಿಯಿರಿ. ಹೊಸ ತೂತು ಒಂದನ್ನೂ ಮಾಡಬೇಡಿ. ಬಿಟ್ಟ ಜಾಗದ ಎರಡೂ ತುದಿಯಲ್ಲಿ, ಇನ್ನೂ ಗಟ್ಟಿಯಿರುವ ಹೊಲಿಗೆಯ ಮೇಲೆ ನಾಲ್ಕು ತೂತು ಮುಂದಕ್ಕೆ ಹೋಗಿ ಗಂಟು ಹಾಕಿ. ಸೀಳು ಅಂಟಿಸುವ ಮೊದಲೇ ಈ ಹೊಲಿಗೆ ಮುಗಿದಿರಲಿ, ಇಲ್ಲವಾದರೆ ಎಳೆತಕ್ಕೆ ತೇಪೆ ಜಾರುತ್ತದೆ.

ತೇಪೆ ಗಟ್ಟಿಯಾದ ಮೇಲೆ ಉಳಿದದ್ದು ಅಂದದ ಕೆಲಸ. ವಿನೈಲ್ ರಿಪೇರಿ ಕಿಟ್ ಎಂದು ಸಿಗುವ ಪೊಟ್ಟಣದಲ್ಲಿ ಬಿರುಕು ತುಂಬುವ ಲೇಪ, ಕೆಲವು ಬಣ್ಣದ ಡಬ್ಬಿಗಳು, ಚರ್ಮದ ಗೆರೆ ಒತ್ತುವ ಕಾಗದ ಇರುತ್ತವೆ. ಲೇಪ ಎರಡು ಬಗೆ. ಒಂದು ಗಾಳಿಗೆ ಆರುತ್ತದೆ, ಇನ್ನೊಂದಕ್ಕೆ ಶಾಖ ಬೇಕು. ಮನೆಯಲ್ಲಿ ಮಾಡುವವರಿಗೆ ಮೊದಲನೆಯದೇ ಸಾಕು. ಎರಡನೆಯದನ್ನು ಕೊಂಡಿದ್ದರೆ ಪೊಟ್ಟಣದಲ್ಲಿ ಬರುವ ಪುಟ್ಟ ಲೋಹದ ತುಂಡನ್ನು ಇಸ್ತ್ರಿಪೆಟ್ಟಿಗೆಯ ಮೇಲೆ ಕಾಯಿಸಿ ಕಾಗದದ ಮೇಲೆ ಒತ್ತಿ. ಇಸ್ತ್ರಿಪೆಟ್ಟಿಗೆಯನ್ನೇ ಸೀಟಿನ ಮೇಲಿಟ್ಟರೆ ಸುತ್ತಲಿನ ರೆಕ್ಸಿನ್ ಕರಗಿ ಹೊಳೆಯುತ್ತದೆ, ಆ ಕಲೆ ಮತ್ತೆ ಹೋಗದು. ಲೇಪವನ್ನು ಒಂದೇ ಸಲ ದಪ್ಪಗೆ ಮೆತ್ತಬಾರದು. ತೆಳ್ಳಗೆ ಒಂದು ಸಲ, ಆರಿದ ಮೇಲೆ ಇನ್ನೊಂದು ಸಲ, ಹೀಗೆ ಮೂರು ನಾಲ್ಕು ಸಲ. ಕೊನೆಯ ಪದರ ಹಸಿಯಿದ್ದಾಗಲೇ ಗೆರೆ ಕಾಗದ ಒತ್ತಿ ತೆಗೆಯಿರಿ. ಬಣ್ಣ ಬೆರೆಸುವಾಗ ಡಬ್ಬಿಯಲ್ಲಿ ಕಂಡದ್ದನ್ನು ನಂಬದೆ, ಸೀಟಿನ ಹಿಂಬದಿಯ ಮೂಲೆಯಲ್ಲಿ ಚೂರು ಹಚ್ಚಿ ಆರಲು ಬಿಟ್ಟು ನೋಡಿ. ಹಸಿ ಬಣ್ಣಕ್ಕೂ ಒಣ ಬಣ್ಣಕ್ಕೂ ಅಂತರವಿರುತ್ತದೆ. ಬೂಟ್ ಪಾಲಿಶ್ ಹಚ್ಚುವ ಯೋಚನೆ ಬಂದರೆ, ಮುಂದಿನ ಮದುವೆ ಮನೆಗೆ ನೀವು ಉಡುವ ಬಿಳಿ ಪಂಚೆಯನ್ನು ನೆನೆಸಿಕೊಳ್ಳಿ.

ಕುಷನ್ ಅಂಗಡಿಯವರು ಹೇಳಿದ್ದನ್ನೂ ತಳ್ಳಿಹಾಕಬೇಕಿಲ್ಲ. ಸೀಟಿನ ಚೆನ್ನಾಗಿ ಕಾಣುವ ಭಾಗವನ್ನು ಎರಡು ಬೆರಳಲ್ಲಿ ಚಿವುಟಿ ಮಡಿಚಿ ನೋಡಿ. ಮಡಿಕೆಯಲ್ಲಿ ಸಣ್ಣ ಬಿರುಕುಗಳು ಕಂಡರೆ ಇಡೀ ರೆಕ್ಸಿನ್ ಎಣ್ಣೆ ಕಳೆದುಕೊಂಡಿದೆ, ನಿಮ್ಮ ತೇಪೆಯ ಪಕ್ಕದಲ್ಲೇ ಮುಂದಿನ ಸೀಳು ಕಾದಿದೆ ಎಂದು ಅರ್ಥ. ಆಗ ಅವರ ಮಾತೇ ಸರಿ. ಆದರೂ ಪೂರ್ತಿ ಸೀಟು ಹೊಲಿಸಬೇಕೆಂದಿಲ್ಲ. ಹಾಳಾದ ಒಂದು ಪಟ್ಟಿಯನ್ನು ಮಾತ್ರ ಬಿಚ್ಚಿ ಬದಲಿಸಲು ಆಗುತ್ತದೆಯೇ ಎಂದು ಕೇಳಿ. ನಿಮ್ಮ ಬಡಾವಣೆಯಲ್ಲಿ ಒಪ್ಪದಿದ್ದರೆ ಜೆ.ಸಿ. ರಸ್ತೆಯಲ್ಲಿ ಸೀಟು ಹೊಲಿಯುವ ಅಂಗಡಿಗಳು ಸಾಲಾಗಿವೆ. ಹಳೆಯ ರೆಕ್ಸಿನ್ನಿನ ಚೂರನ್ನು ಕೈಯಲ್ಲಿ ಹಿಡಿದು ಹೋದರೆ ಗೆರೆಗೆ ಗೆರೆ ಹೊಂದುವುದನ್ನು ಹುಡುಕಬಹುದು. ಓಮ್ನಿ ತಯಾರಿಕೆ 2019ರಲ್ಲೇ ನಿಂತಿದ್ದರಿಂದ ಕಂಪನಿಯ ಅದೇ ಹೊದಿಕೆಯನ್ನು ಹುಡುಕಿಕೊಂಡು ಅಲೆಯುವುದಕ್ಕಿಂತ ಇದು ಸುಲಭ.

ಇದನ್ನು ಓದಿ ಹೊಸ ಕಾರಿರುವ ಯಾರಾದರೂ ಸೀಟು ಬಿಚ್ಚಲು ಹೊರಟರೆ ಒಂದು ಎಚ್ಚರಿಕೆ. ಸೀಟಿನ ಪಕ್ಕದಲ್ಲಿ ‘ಏರ್‌ಬ್ಯಾಗ್’ ಎಂಬ ಚೀಟಿ ಹೊಲಿದಿದ್ದರೆ ಆ ಬದಿಯ ಹೊಲಿಗೆಗೆ ಕೈಹಚ್ಚಬೇಡಿ. ಅಪಘಾತದ ಹೊತ್ತಿನಲ್ಲಿ ಬಿಚ್ಚಿಕೊಳ್ಳಲೆಂದೇ ಅದನ್ನು ಲೆಕ್ಕ ಹಾಕಿ ಹೊಲಿದಿರುತ್ತಾರೆ, ನಿಮ್ಮ ಗಟ್ಟಿ ನೈಲಾನ್ ದಾರ ಅಲ್ಲಿ ಅಪಾಯ. ನಿಮ್ಮ ಓಮ್ನಿಗೆ ಈ ಚಿಂತೆ ಇಲ್ಲ.

ಬಣ್ಣ ಆರಿದ ಮೇಲೂ ಎರಡು ದಿನ ಆ ಸೀಟಿನಲ್ಲಿ ಕೂರಬೇಡಿ. ಆಮೇಲೆ ಬಿಸಿಲಿಗೆ ನಿಲ್ಲಿಸುವಾಗ ಸೀಟಿನ ಮೇಲೆ ಒಂದು ಹಳೆಯ ಹತ್ತಿ ಟವೆಲ್ ಹಾಸಿ. ಪ್ಲಾಸ್ಟಿಕ್ ಹಾಳೆ ಬೇಡ, ಅದು ಅಂಟಿಕೊಳ್ಳುತ್ತದೆ. ಹತ್ತುವಾಗ ಬಲ ಅಂಚಿನ ಮೇಲೆ ಜಾರದೆ, ಮೇಲಿನ ಹಿಡಿಕೆ ಹಿಡಿದು ಮೈಯನ್ನು ಎತ್ತಿ ಸೀಟಿನ ನಡುವಿಗೇ ಕೂತುಕೊಳ್ಳಿ. ಹಿಂದಿನ ಜೇಬಿನ ಗುಂಡಿಯನ್ನು ಮೊದಲೇ ನೋಡಿಕೊಳ್ಳಿ.